ಕೀಲಿನ ಕಡೆ ನಿಂತ ದೊರೆ

ಮುದಿ ನಾಯಿ ದೊರೆ ಎರಡನೆಯ ಸಲ ಕಾಲಿಗೆ ಬಾಯಿ ಹಾಕಿದ ಸಂಜೆ ಗಂಡ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನ ಕೋಪ ಉಕ್ಕುವ ಹಾಲಿನ ಹಾಗೆ, ಒಲೆ ಸಣ್ಣ ಮಾಡಿದರೆ ತಾನೇ ಇಳಿಯುತ್ತದೆ ಎಂದು ಇಷ್ಟು ವರ್ಷದ ಸಂಸಾರದಲ್ಲಿ ಕಂಡುಕೊಂಡಿದ್ದಳು. ಅವತ್ತು ಅವನು ಕೆಲಸದ ಚೀಲ ಕೆಳಗಿಟ್ಟು, ಪ್ಯಾಂಟು ಮಡಚಿ ಗಾಯ ನೋಡಿಕೊಂಡು, ಸೋಪು ಹಚ್ಚಿದ ಕಾಲನ್ನು ನಲ್ಲಿಯ ಕೆಳಗೆ ಹಿಡಿದು ತಣ್ಣಗೆ ಹೇಳಿದ:

"ಶನಿವಾರ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗ್ತೀನಿ. ಸಾಕಿನ್ನು. ಮಲಗಿಸಿಬಿಡೋಣ."

ಮಲಗಿಸುವುದು ಎಂದರೆ ಮತ್ತೆ ಏಳದ ಹಾಗೆ ಎಂದು ಅವಳಿಗೂ ಗೊತ್ತಿತ್ತು, ಮೇಜಿನ ಮೇಲೆ ಲೆಕ್ಕ ಬಿಡಿಸುತ್ತಿದ್ದ ಮಗಳಿಗೂ ಗೊತ್ತಿತ್ತು. ದೊರೆಗೆ ಮಾತ್ರ ಗೊತ್ತಿರಲಿಲ್ಲ. ಕಚ್ಚಿದ್ದನ್ನೂ ಆಗಲೇ ಮರೆತು, ಖಾಲಿ ತಟ್ಟೆಯ ಮುಂದೆ ನಿಂತು, ಇದು ಊಟಕ್ಕೆ ಮುಂಚೆಯೋ ಊಟ ಆದ ಮೇಲೋ ಎಂದು ಯೋಚಿಸುತ್ತಿದ್ದ.

"ಅಪ್ಪಾ, ಅವನಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಗೊತ್ತಲ್ಲ..." ಮಗಳು ಶುರುಮಾಡಿದಳು.

"ನಿನ್ನನ್ನ ಕಚ್ಚಿದ್ನಾ? ನಿಮ್ಮಮ್ಮನ್ನ ಕಚ್ಚಿದ್ನಾ? ಹಾಲಿನವನು ದಿನಾ ಬರ್ತಾನೆ, ಅವನನ್ನ? ಊರಲ್ಲಿರೋ ಕಾಲೆಲ್ಲ ಬಿಟ್ಟು ನನ್ನ ಕಾಲೇ ಬೇಕಿತ್ತು ಅವನಿಗೆ. ಹೋದ ಸಲದ ಇಂಜೆಕ್ಷನ್ ನೋವೇ ಇನ್ನೂ ಹೋಗಿಲ್ಲ."

ಮಾತು ಇಂಜೆಕ್ಷನ್ನಿನದು, ನೋವು ಬೇರೆಯದು. ಅದು ಅವಳಿಗೆ ಗೊತ್ತಾಯಿತು. ದೊರೆ ಮೊದಲಿನಿಂದ ಅವನ ನಾಯಿ. ಬಾಗಿಲು ಕಿಟಕಿ ಕೂರಿಸುವ ಬಡಗಿ ಅವನು. ಮಗಳು ಇನ್ನೂ ಹುಟ್ಟದಿದ್ದಾಗ ಯಾವುದೋ ಅರ್ಧ ಕಟ್ಟಿದ ಮನೆಯಲ್ಲಿ ಮರದ ಸಿಪ್ಪೆಯ ಗುಡ್ಡೆಯೊಳಗೆ ಮಲಗಿದ್ದ ಮರಿಯನ್ನು ಕೆಲಸದ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದ. ಯಾರು ಬಂದರೂ ಏಳದೆ, ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದು ನೋಡುತ್ತಿದ್ದ ಆ ಮರಿಗೆ 'ದೊರೆ' ಎಂದು ಹೆಸರಿಟ್ಟವನೂ ಅವನೇ. ದೊರೆ ಏಳುತ್ತಿದ್ದುದು ಒಬ್ಬನಿಗೆ ಮಾತ್ರ. ಸಂಜೆ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳುವ ಮೊದಲೇ ಎದ್ದು ಮುಂಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಈಗ ಅದೇ ಬಾಯಿ ಅವನನ್ನೇ ಕಳ್ಳನ ಹಾಗೆ ಕಚ್ಚಿದರೆ, ಆ ಗಾಯಕ್ಕೆ ಹಚ್ಚುವ ಮುಲಾಮು ಯಾವ ಅಂಗಡಿಯಲ್ಲೂ ಇಲ್ಲ.

ದೊರೆಗೆ ಬಂದಿರುವುದು ಮುಪ್ಪಿನ ಮರೆವು ಎಂದು ಡಾಕ್ಟರಮ್ಮ ಹೇಳಿ ಬಹಳ ದಿನವಾಗಿತ್ತು. "ಮನುಷ್ಯರಿಗೆ ಬರೋ ಹಾಗೇ ನಾಯಿಗೂ ಬರುತ್ತೆ. ವಾಸಿಯಾಗೋದಲ್ಲ. ದಿನಚರಿ ಬದಲಾಯಿಸಬೇಡಿ, ಗದರಬೇಡಿ" ಎಂದಿದ್ದರು. ಅವಳು ದಿನಚರಿ ಬದಲಾಯಿಸಿರಲಿಲ್ಲ, ಗದರಿರಲೂ ಇಲ್ಲ. ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಯೂನಿಫಾರ್ಮು ಹೊಲಿಯುವ ಅವಳಿಗೆ, ಒಂದು ತೋಳು ಮುಗಿಸಿ ಇನ್ನೊಂದು ಹಿಡಿಯುವ ನಡುವೆ ಎದ್ದು ದೊರೆ ಎಲ್ಲಿದ್ದಾನೆ ಎಂದು ನೋಡಿ ಬರುವುದು ಅಭ್ಯಾಸವಾಗಿತ್ತು. ಬಟ್ಟೆ ಒಗೆಯುವ ಮೆಷಿನ್ನಿನ ಸಂದಿಗೆ ನುಗ್ಗಿ, ಹಿಂದಕ್ಕೆ ಬರುವುದು ಹೇಗೆಂದು ತಿಳಿಯದೆ ಗೋಡೆ ನೋಡುತ್ತಾ ನಿಂತಿರುತ್ತಿದ್ದ. ಸೊಂಟ ಹಿಡಿದು ತಿರುಗಿಸಿದರೆ ಸಾಕು, ಏನೂ ಆಗಿಲ್ಲವೆಂಬಂತೆ ಗತ್ತಿನಿಂದ ನಡೆದು ಹೋಗುತ್ತಿದ್ದ. "ದೊರೆಗಳ ಸವಾರಿ ಹೊರಟಿತು, ದಾರಿ ಬಿಡಿ" ಎಂದು ಮಗಳು ನಗುತ್ತಿದ್ದಳು. ನೆಲದ ಮೇಲೆ ಮಾಡಿಕೊಂಡಿದ್ದನ್ನು ಅವಳು ಮಾತಿಲ್ಲದೆ ಒರೆಸುತ್ತಿದ್ದಳು. ಮಗಳ ಕಾಲದಲ್ಲಿ ಒರೆಸಿಲ್ಲವೇ? ಆಗ ಮಗು ದಿನದಿನಕ್ಕೆ ಕಲಿಯುತ್ತಿತ್ತು, ಇವನು ದಿನದಿನಕ್ಕೆ ಕಲಿತದ್ದನ್ನು ಬಿಡುತ್ತಿದ್ದಾನೆ. ಬಟ್ಟೆ ಹಿಂಡುವ ಕೈಗೆ ಎರಡೂ ಒಂದೇ.

ಇನ್ನೊಂದು ವಿಚಿತ್ರವಿತ್ತು. ಹಿತ್ತಲಿಗೆ ಹೋಗಬೇಕೆನಿಸಿದಾಗ ದೊರೆ ಹಿಂಬಾಗಿಲಿನ ಚಿಲಕದ ಕಡೆ ನಿಲ್ಲುತ್ತಿರಲಿಲ್ಲ. ಬಾಗಿಲು ತಿರುಗುವ ಕೀಲಿನ ಕಡೆಯ ಸಂದಿಗೆ ಮೂಗು ಹಚ್ಚಿ, ಅಲ್ಲೇ ತೆರೆಯುತ್ತದೆ ಎಂದು ನಂಬಿಕೊಂಡು ನಿಲ್ಲುತ್ತಿದ್ದ. "ಅಲ್ಲಲ್ಲಪ್ಪಾ, ಈ ಕಡೆ ಬಾ" ಎಂದು ಕೊರಳಪಟ್ಟಿ ಹಿಡಿದು ಅವಳು ಈಚೆಗೆ ತರುತ್ತಿದ್ದಳು.

ಗುರುವಾರ ಸಂಜೆ ಕರೆಂಟು ಹೋಯಿತು. ಒಳಕೋಣೆಯಲ್ಲಿ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ಗುಂಡಿ ಹಚ್ಚಬೇಕಿದ್ದ ಅಂಗಿಗಳನ್ನು ಎತ್ತಿಕೊಂಡು ಅವಳು ಮುಂಕೋಣೆಯ ಕಿಟಕಿಯ ಬಳಿ ಬಂದು ಕೂತಳು. ಆ ಹೊತ್ತಿಗೆ ಅವಳು ಅಲ್ಲಿ ಕೂರುವುದೇ ಅಪರೂಪ; ಗಂಡ ಬರುವಾಗ ಒಳಗೆ ಯಂತ್ರದ ಸದ್ದಿನಲ್ಲಿ ಮುಳುಗಿರುತ್ತಿದ್ದಳು. ಎರಡು ಸಲವೂ ಅವಳು ಓಡಿ ಬರುವಷ್ಟರಲ್ಲಿ ಕಚ್ಚಿ ಆಗಿತ್ತು.

ಎರಡನೆಯ ಅಂಗಿಯ ಕಾಲರು ಹಿಡಿದಿದ್ದಳು. ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ದೊರೆ ಎದ್ದ. ಹಿಂಗಾಲು ಜಾರಿತು, ಸುಧಾರಿಸಿಕೊಂಡ. ಯಾರೂ ಕರೆದಿರಲಿಲ್ಲ, ಬೀದಿಯಲ್ಲಿ ಸದ್ದಿರಲಿಲ್ಲ. ನಿಧಾನವಾಗಿ ಮುಂಬಾಗಿಲಿಗೆ ನಡೆದು, ಕೀಲಿನ ಕಡೆಯ ಮೂಲೆಯಲ್ಲಿ ಬಾಗಿಲಿಗೂ ಪಕ್ಕದ ಗೋಡೆಗೂ ನಡುವೆ ತಲೆ ತೂರಿಸಿ ನಿಂತ. ಬಾಲ ಒಂದು ಸಲ ಅಲ್ಲಾಡಿತು. ನಿಂತೇ ಇದ್ದ. ಅವಳ ಕೈಯ ಸೂಜಿ ಅಲ್ಲೇ ನಿಂತಿತು.

ಆಮೇಲೆ ಸ್ಕೂಟರು ಬಂತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗರಗಸ ಹಿಡಿದು ಬರುವ ಗಂಡ ಎಂದಿನಂತೆ ಭುಜದಿಂದ ಬಾಗಿಲು ನೂಕಿದ. ಬಾಗಿಲು ಒಳಕ್ಕೆ ತಿರುಗಿ ದೊರೆಯ ಮುಖವನ್ನು ಗೋಡೆಗೆ ಒತ್ತಿತು. ದೊರೆ ಕುಂಯ್ಯೆಂದು ಕಿರುಚಿ, ಬಾಗಿಲನ್ನು ಸುತ್ತಿ ಹಲ್ಲು ಬಿಟ್ಟುಕೊಂಡು ಬರುವಷ್ಟರಲ್ಲಿ ಅವಳು ಅಂಗಿಗಳನ್ನು ಎಸೆದು ಹಾರಿ ಪಟ್ಟಿ ಹಿಡಿದಳು.

"ನೋಡಿದ್ಯಾ? ಮೂರನೇ ಸಲ! ಇನ್ನೂ ಏನಾದ್ರೂ ಹೇಳೋದಿದ್ಯಾ?"

"ಇದೆ ರೀ. ಅವನು ನಿಮಗೇ ಕಾಯ್ತಾ ನಿಂತಿದ್ದ."

"ಕಾಯ್ತಾ ಇದ್ದವನು ಕಚ್ತಾನಾ?"

"ಕಾಯ್ತಾ ನಿಂತೋನ ಮೂತಿ ಮೇಲೆ ಬಾಗಿಲು ಹಾಕಿದ್ರೆ ನೀವಾದ್ರೂ ಕಚ್ತೀರಿ."

ಗಂಡ ನಂಬಲಿಲ್ಲ. "ನಿಂದು ಹೆತ್ತ ಕರುಳು. ಕಳ್ಳ ಬಂದ್ರೂ ಪಾಪ ಹಸಿದಿದ್ದಾನೆ ಅಂತೀಯ" ಎಂದು ಕಾಲು ತೊಳೆಯಲು ಹೋದ. ಅವಳು ಬೆನ್ನಟ್ಟಿ ಹೋಗಿ ಹೇಳಿದಳು: "ನಾಳೆ ಸ್ವಲ್ಪ ಬೇಗ ಬನ್ನಿ. ಹಿಂಬಾಗಿಲಿಂದ ಬನ್ನಿ. ನೀವೇ ಕಣ್ಣಾರೆ ನೋಡಿ. ಅದಾದ ಮೇಲೆ ನಿಮ್ಮಿಷ್ಟ, ನಾನು ಅಡ್ಡ ಬರಲ್ಲ."

ಹೇಳಿದ ಮೇಲೆ ಹೆದರಿಕೆಯಾಯಿತು. ಮರೆವಿನವನನ್ನು ನಂಬಿ ಪಂದ್ಯ ಕಟ್ಟಿದ್ದಳು. ನಾಳೆ ಅವನಿಗೆ ಕಾಯುವುದೇ ಮರೆತುಹೋದರೆ?

ಶುಕ್ರವಾರ ಗಂಡ ಹಿತ್ತಲ ಕಡೆಯಿಂದ ಬೂಟು ಕೈಯಲ್ಲಿ ಹಿಡಿದು ಬಂದ. "ನನ್ನ ಮನೆಗೆ ನಾನೇ ಕಳ್ಳ" ಎಂದು ಗೊಣಗುತ್ತಾ ಮುಂಕೋಣೆಯ ಕುರ್ಚಿಯಲ್ಲಿ ಕೂತ. ಅಮ್ಮ ಮಗಳು ಕಿಟಕಿಯ ಬಳಿ ಕೂತರು. ಮೂಲೆಯಲ್ಲಿ ದೊರೆಯ ಗೊರಕೆ.

ಬಹಳ ಹೊತ್ತು ಏನೂ ಆಗಲಿಲ್ಲ. "ಆಯ್ತಾ ನಿನ್ನ ನಾಟಕ?" ಎಂದು ಗಂಡ ಏಳಲು ಹೊರಟಾಗ ಗೊರಕೆ ನಿಂತಿತು. ದೊರೆ ಎದ್ದ, ಮೈ ಕೊಡವಿದ. ನಡೆಯುತ್ತಾ ಕುರ್ಚಿಯ ಬಳಿ ಬಂದು, ಗಾಯಕ್ಕೆ ಪಟ್ಟಿ ಕಟ್ಟಿದ್ದ ಕಾಲನ್ನು ಮೂಸಿದ. ಗಂಡ ಕಾಲು ಹಿಂದಕ್ಕೆಳೆಯಲಿಲ್ಲ. ದೊರೆ ತಲೆಯೆತ್ತಿ ಅವನ ಮುಖ ನೋಡಿದ, ದಾರಿಯಲ್ಲಿ ಕಂಡ ಅಪರಿಚಿತನನ್ನು ನೋಡುವ ಹಾಗೆ. ನಂತರ ಅವನನ್ನು ದಾಟಿ ಮುಂಬಾಗಿಲಿಗೆ ಹೋಗಿ, ಅದೇ ಕೀಲಿನ ಸಂದಿಗೆ ಮೂಗು ಹಚ್ಚಿ ನಿಂತ. ಬಾಲ ಅಲ್ಲಾಡಿತು.

"ಯಾರಿಗೆ ಕಾಯ್ತಿದ್ದಾನೆ?" ಗಂಡನ ದನಿ ಸಣ್ಣಗಾಗಿತ್ತು.

"ನಿಮಗೇ."

"ನಾನು ಇಲ್ಲೇ ಇದ್ದೀನಲ್ಲೇ."

ಮಗಳು ಕಿಟಕಿಯ ಹೊರಗೆ ನೋಡಿದಳು.

ಗಂಡ ಎದ್ದು ಹೋಗಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಊರಿನವರ ಬಾಗಿಲನ್ನೆಲ್ಲ ನೋಡುವ ಕಣ್ಣು, ತನ್ನ ಮನೆಯದನ್ನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಚೌಕಟ್ಟಿನ ಇನ್ನೊಂದು ಪಕ್ಕ ಬೆರಳಿನಿಂದ ತಟ್ಟಿದ. "ಇಲ್ಲಿರೋ ಚಪ್ಪಲಿ ಸ್ಟ್ಯಾಂಡ್ ಬೇರೆ ಕಡೆ ಹೋಗಬೇಕು" ಎಂದ.

"ಯಾಕೆ?"

"ಅವನು ನಿಲ್ಲೋ ಜಾಗ ಬದಲಾಗಲ್ಲ. ಬಾಗಿಲು ತೆರೆಯೋ ಕಡೆ ಬದಲಾಗಬಹುದು."

"ಬಾಗಿಲು ತಟ್ಟಿ ಬಂದ್ರೆ ಸಾಲದಾ?"

"ನೀನು ಒಳಗೆ ಹೊಲೀತಿರ್ತೀಯ, ಇವಳು ಟ್ಯೂಷನ್‌ಗೆ ಹೋಗಿರ್ತಾಳೆ. ತಟ್ಟಿದ್ರೆ ತೆಗೆಯೋರು ಯಾರು, ದೊರೆನಾ?"

ಮರುದಿನ ಡಾಕ್ಟರಮ್ಮನ ಬಳಿ ಯಾರೂ ಹೋಗಲಿಲ್ಲ. ಹೋಗುವುದಿಲ್ಲ ಎಂದು ಯಾರೂ ಹೇಳಲೂ ಇಲ್ಲ. ಬೆಳಗ್ಗೆ ಗಂಡ ಬಾಗಿಲನ್ನೇ ಕಳಚಿ ಗೋಡೆಗೊರಗಿಸಿದ. ಹಳೆಯ ಕೀಲು ಕೂತಿದ್ದ ಕಚ್ಚುಗಳಿಗೆ ಮರದ ಚೂರು ಅಂಟಿಸಿ ಉಜ್ಜಿದ, ಎದುರು ಪಕ್ಕದಲ್ಲಿ ಉಳಿಯಿಂದ ಹೊಸ ಕಚ್ಚು ಹೊಡೆದ. ದೊರೆ ಹೊಸ್ತಿಲಿಗೆ ಅಡ್ಡ ಮಲಗಿದ್ದ. ಗಂಡ ಅವನನ್ನು ದಾಟಿ ದಾಟಿ ಕೆಲಸ ಮಾಡಿದ. ಉದುರಿದ ಸಿಪ್ಪೆ ದೊರೆಯ ಬೆನ್ನ ಮೇಲೆ ಬಿತ್ತು. ಅವನು ಅದನ್ನು ಮೂಸಿ, ತಲೆ ಕೆಳಗಿಟ್ಟು ಮತ್ತೆ ನಿದ್ದೆಹೋದ.

"ಅಪ್ಪಾ, ನಾಳೆ ಇವನು ಈ ಕಡೆ ಬಂದು ನಿಂತ್ರೆ?" ಎಂದಳು ಮಗಳು, ಸ್ಕ್ರೂಗಳ ಡಬ್ಬಿ ಹಿಡಿದು.

"ಮತ್ತೆ ಬಿಚ್ತೀನಿ. ನನ್ನ ಕಸುಬು ತಾನೆ? ಗಿರಾಕಿ ಹಠಮಾರಿ, ಅಷ್ಟೆ."

ಆ ವಾರವೆಲ್ಲ ಮನೆಯವರ ಕೈಗಳು ಚಿಲಕ ಹುಡುಕುತ್ತಾ ತಪ್ಪು ಪಕ್ಕಕ್ಕೇ ಹೋದವು. ಮಗಳು ಶಾಲೆಗೆ ಹೊರಟು ಕೀಲಿನ ಮುಂದೆ ನಿಂತಳು. ಅವಳೂ ಕಸದ ಬುಟ್ಟಿ ಹಿಡಿದು ಅಲ್ಲೇ ನಿಂತಳು. ಹಾಲಿನವನು ಬರಿ ಹಲಗೆ ತಟ್ಟಿ, "ಏನಮ್ಮ, ಮನೇನೇ ತಿರುಗಿಸಿಬಿಟ್ರಾ?" ಎಂದ. ಸರಿಯಾದ ಕಡೆ ನಿಲ್ಲುತ್ತಿದ್ದವನು ದೊರೆ ಒಬ್ಬನೇ.

ಒಂದು ಸಂಜೆ ಗಂಡ ಬಂದು ಅಭ್ಯಾಸಬಲದಿಂದ ಹಳೆಯ ಕಡೆಗೇ ಭುಜ ಕೊಟ್ಟ. ಬಾಗಿಲು ಜಗ್ಗಲಿಲ್ಲ. ಒಳಗಿನಿಂದ ಚಿಲಕದ ಬಳಿ ಉಗುರು ಕೆರೆಯುವ ಸದ್ದು ಬಂತು. "ಅವನು ಕರೀತಿದ್ದಾನೆ, ಆ ಕಡೆ ರೀ!" ಎಂದು, ತೋಳು ತಿರುಗಿಸಲು ಯಂತ್ರ ನಿಲ್ಲಿಸಿದ್ದ ಅವಳು ಒಳಗಿಂದಲೇ ಕೂಗಿ, ಎದ್ದು ಬಂದಳು. ಗಂಡ ಚೀಲ ಕೆಳಗಿಟ್ಟು ಕೈಯಿಂದ ಮೆಲ್ಲಗೆ ಬಾಗಿಲು ತೆರೆದ. ಸಂದಿಯಲ್ಲಿ ಮೊದಲು ಕಂಡಿದ್ದು ನರೆತ ಮೂತಿ. ದೊರೆ ಅವನ ಕೈ ಮೂಸಿದ, ಮರದ ಪುಡಿ ಮೂಸಿದ, ಒಂದು ಹೆಜ್ಜೆ ಸರಿದು ಒಳಗೆ ಬಿಟ್ಟುಕೊಂಡ. ಕಚ್ಚಲಿಲ್ಲ. ಬಾಲವನ್ನೂ ಆಡಿಸಲಿಲ್ಲ. ಅವನನ್ನು ಒಳಗೆ ಬಿಟ್ಟ ಮೇಲೆ ಮತ್ತೆ ಬಾಗಿಲಿಗೆ ಹೋಗಿ, ತೆರೆದ ಸಂದಿಯಿಂದ ಬೀದಿಯ ತಿರುವನ್ನು ನೋಡುತ್ತಾ ನಿಂತ.

ಗಂಡ ಚೀಲವನ್ನು ಒಳಗೆ ತಂದಿಟ್ಟು ಅವನ ಬೆನ್ನನ್ನು ನೋಡಿದ.

"ನಾನಿನ್ನೂ ಬಂದಿಲ್ಲ ಅಂತ ಕಾಣುತ್ತೆ ಕಣೇ."

"ಬರ್ತೀರಿ ಬಿಡಿ. ಅಲ್ಲೀವರೆಗೂ ಕೂತ್ಕೊಳ್ಳಿ" ಎಂದಳು ಅವಳು.

ಗಂಡ ಹೊಸ್ತಿಲ ಮೇಲೆ, ದೊರೆಯ ಪಕ್ಕದಲ್ಲಿ ಕೂತು, ಬೂಟಿನ ದಾರ ಬಿಚ್ಚತೊಡಗಿದ. ಇಬ್ಬರೂ ಬೀದಿ ನೋಡುತ್ತಿದ್ದರು. ಅವಳು ಚಹಾಕ್ಕೆ ನೀರಿಟ್ಟು ಬಂದು, ಅರ್ಧ ಹೊಲಿದ ತೋಳನ್ನು ಮತ್ತೆ ಯಂತ್ರಕ್ಕೆ ಕೊಟ್ಟಳು.