ಅಟ್ಟ ಸೇರಿದ ಬುಟ್ಟಿಗಳು

ತೋಟದ ಮನೆಯ ಖಾಲಿ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಬಳಿದು, ಸುತ್ತಲಿನ ಕೈಕಸುಬಿನವರ ಸಾಮಾನಿಗೆ ಅಂಗಡಿ ಮಾಡಿದವಳು ಆ ಮನೆಯ ಸೊಸೆಯೇ. ಮಡಕೆ, ಮೇಣದ ಬತ್ತಿ, ಉಲ್ಲನ್ ಟೋಪಿ, ಮರದ ಸೌಟು, ಹೀಗೆ ಯಾರಿಗಾದರೂ ಉಡುಗೊರೆ ಕೊಡುವಂಥವೆಲ್ಲ ಅಲ್ಲಿದ್ದವು. ಬಂದವರು ಒಂದು ಗಳಿಗೆ ಕೂರಲಿ ಎಂದು ನಡುವೆ ಉದ್ದನೆಯ ಮೇಜು ಹಾಕಿಸಿದವಳೂ ಅವಳೇ. ಏಳು ವರ್ಷವಾಗಿ, ಈಗ ಭಾನುವಾರ ಬಂತೆಂದರೆ ಊರಿಗೆ ಊರೇ ಅಲ್ಲಿ ಕೂರುತ್ತಿತ್ತು. ಅವಳು ಮಾತ್ರ ಕೂತದ್ದಿಲ್ಲ. ಬೆಳಗಾದರೆ ಕೋಳಿಗೂಡು, ಹಾಲು ಕರೆಯುವುದು, ಆಮೇಲೆ ಅಂಗಡಿ, ಕೊನೆಗೆ ರಾಶಿ ರಾಶಿ ಚಹಾ ಲೋಟ.

ಇವೆಲ್ಲಕ್ಕಿಂತ ಅವಳನ್ನು ಹೆಚ್ಚು ದಣಿಸಿದ್ದು ಒಂದು ಸುಳ್ಳು.

ಬುಟ್ಟಿ ಹೆಣೆಯುವ ಅಜ್ಜ ಅಂಗಡಿ ತೆರೆದ ದಿನದಿಂದ ಇದ್ದವನು. ಅವನ ಬುಟ್ಟಿಯಲ್ಲಿ ನೀರು ತರಬಹುದು ಎಂದು ಜನ ತಮಾಷೆ ಮಾಡುತ್ತಿದ್ದರು. ಹೋದ ವರ್ಷ ಅವನ ಕೈ ನಡುಗತೊಡಗಿತು. ಬುಟ್ಟಿಗಳು ಒಂದು ಮಗ್ಗುಲಿಗೆ ವಾಲಿದವು. ಗಿರಾಕಿಗಳು ಎತ್ತಿ ನೋಡಿ ಸುಮ್ಮನೆ ಇಟ್ಟುಬಿಡುತ್ತಿದ್ದರು. "ಹೋಯ್ತೇನಮ್ಮಾ ನನ್ನ ಬುಟ್ಟಿ?" ಎಂದು ಅವನು ಕೇಳಿದಾಗ, ಆ ಮುಖ ನೋಡಿ "ಹೋಯ್ತು ಅಜ್ಜ" ಎಂದುಬಿಟ್ಟಳು. ಅಲ್ಲಿಂದ ನೋಯುವ ಮೊಣಕಾಲಲ್ಲೇ ಅವಳು ಏಣಿ ಹತ್ತುವುದೂ, ವಾರಕ್ಕೆರಡು ಬುಟ್ಟಿ ಅಟ್ಟ ಸೇರುವುದೂ ಶುರುವಾಯಿತು. ಅವನು ಎಂದಿನಂತೆ ದುಡ್ಡಿನ ಬದಲಿಗೆ ಹಾಲು, ಆಲೂಗಡ್ಡೆ ಒಯ್ಯುತ್ತಿದ್ದ.

"ಎಷ್ಟು ದಿನ ಅಂತ ಮುಚ್ಚಿಡ್ತೀಯ?" ಎಂದು ಗಂಡ ಕೇಳಿದರೆ, "ನೀವೇ ಹೋಗಿ ಹೇಳಿ" ಎನ್ನುತ್ತಿದ್ದಳು. ಗಂಡ ಗುದ್ದಲಿ ಎತ್ತಿಕೊಂಡು ತೋಟಕ್ಕೆ ಹೊರಡುತ್ತಿದ್ದ.

ಒಂದು ಭಾನುವಾರ ಯಾರೋ ದೊಡ್ಡ ಬುಟ್ಟಿ ಕೇಳಿದರು. ಇವಳ ಕೈ ಸೋಪಿನ ನೀರಿನಲ್ಲಿತ್ತು. "ಮೇಲೆ ಇರಬೇಕು, ತಾಳಿ" ಎಂದು ಮಡಕೆ ಮಾಡುವ ಅಕ್ಕ ಏಣಿ ಹತ್ತಿಯೇಬಿಟ್ಟಳು.

"ಅಯ್ಯೋ, ಇದೇನೇ ಇಷ್ಟೊಂದು ಬುಟ್ಟಿ!"

ಒಂದು ಜಾರಿ ಬಿದ್ದು, ಮೇಜಿನ ಮುಂದೆ ಕೂತಿದ್ದ ಅಜ್ಜನ ಕಾಲ ಬಳಿ ನಿಂತಿತು. ಅವನು ಅದನ್ನೆತ್ತಿ, ಅಂಚಿನ ಸುತ್ತ ಹೆಬ್ಬೆರಳಾಡಿಸಿ, ಮೇಜಿನ ಮೇಲಿಟ್ಟು, ಹಾಲಿನ ಕ್ಯಾನನ್ನೂ ಮುಟ್ಟದೆ ಹೊರಟುಹೋದ.

ಮುಂದಿನ ವಾರ ಅಜ್ಜ ಬರಲಿಲ್ಲ. ಈ ವಾರ ಏಣಿ ಹತ್ತಬೇಕಿಲ್ಲ ಎಂದು ಅವಳಿಗೆ ಹಾಯೆನಿಸಿತು. ಹಾಗನಿಸಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಬುಧವಾರ ಅವನ ಮನೆಗೆ ಹೋದಳು. ಹೆಣೆಯಲೆಂದು ಹಾಕಿದ್ದ ಬೆತ್ತ ತೊಟ್ಟಿಯಲ್ಲಿ ನೆನೆಯುತ್ತಲೇ ಇತ್ತು.

"ಬೈಯೋದಿದ್ರೆ ಬೈದುಬಿಡಿ ಅಜ್ಜ."

"ಮೊದಲು ಕೂತ್ಕೋ."

ಕೂತಳು.

"ಮಾರಾಟ ಆಗ್ಲಿಲ್ಲ ಅಂತ ಬೇಜಾರಿಲ್ಲ. ಪ್ರತಿ ವಾರ ಪೆದ್ದನ ಹಾಗೆ 'ಹೋಯ್ತಾ' ಅಂತ ಕೇಳ್ತಿದ್ನಲ್ಲ. ಎಲ್ರೂ ಒಳಗೊಳಗೇ ನಕ್ಕಿರ್ಬೇಕು."

"ನಮ್ಮನೆಯವರನ್ನ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಏಣಿ ಹತ್ತಿದ್ದು ನಾನೊಬ್ಳೇ."

"ಈ ಮೊಣಕಾಲು ಇಟ್ಕೊಂಡು?"

"ಹೂಂ."

ಅಜ್ಜ ಅವಳನ್ನೇ ನೋಡಿದ. "ಇಬ್ರಿಗೂ ಬುದ್ಧಿ ಇಲ್ಲ," ಎಂದ. "ಇನ್ನು ಹೆಣೆಯಲ್ಲ. ಅವನ್ನೆಲ್ಲ ಕೆಳಗಿಳಿಸು. ಗೊಬ್ಬರ ಹೊರೋಕೆ ಬುಟ್ಟಿ ಸೊಟ್ಟಗಿದ್ರೇನು?"

"ಭಾನುವಾರ ಬರ್ತೀರಾ?"

"ಏನು ಹಿಡ್ಕೊಂಡು ಬರ್ಲಿ?"

"ಬೇರೆಯೋರೆಲ್ಲ ಏನು ಹಿಡ್ಕೊಂಡು ಬರ್ತಾರೆ? ಬಾಯಿ ಒಂದೇ."

ಅಜ್ಜ ನಕ್ಕ. ಅವಳು ಏಳಬೇಕಿತ್ತು, ಕೋಳಿಗಳಿಗೆ ಕಾಳು ಹಾಕಿರಲಿಲ್ಲ. ಏಳಲಾಗಲಿಲ್ಲ. ಅವನು ನೀರು ತರುವಷ್ಟರಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅವನು ಎಬ್ಬಿಸಲಿಲ್ಲ.

ಭಾನುವಾರ ಅಜ್ಜ ಬರಿಗೈಯಲ್ಲಿ ಬಂದು ಮೇಜಿನ ತುದಿಯಲ್ಲಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗಿಟ್ಟುಕೊಂಡಿದ್ದ. ಹೊರಗೆ ಗಂಡ ಗೊಬ್ಬರ ಹೊರುತ್ತಿದ್ದ. ಎರಡು ಬುಟ್ಟಿ ಆಗಲೇ ಬಾಯಿ ಬಿಟ್ಟಿದ್ದವು. ಅವಳು ಚಹಾ ತಂದಿಟ್ಟು, "ಕುಡಿದೋರು ಅವರವರ ಲೋಟ ಅವರೇ ತೊಳೀರಪ್ಪ, ನನಗಾಗಲ್ಲ," ಎಂದಳು. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಆದರೂ ಕುಡಿದಾದ ಮೇಲೆ ಲೋಟ ಹಿಡಿದು ಎದ್ದರು.