ಪೀರಸಾಬನ ಫ್ಲಾಪಿಯ ಜೊತೆ ಬಂದದ್ದು

೧೯೯೮ರಲ್ಲಿ ಅಫಜಲಪುರದ ಆ ಓಣಿಯೊಳಗೆ ಕಂಪ್ಯೂಟರ್ ಇದ್ದದ್ದು ದೌಲತರಾಯ ಮಾಸ್ತರರ ಮನೆಯಲ್ಲಿ ಮಾತ್ರ. ಕೊಂಡು ತಂದವರು ಅವರು, ಕಲಿತು ಕೆಲಸಕ್ಕೆ ಹಚ್ಚಿದವಳು ಹೆಂಡತಿ ಶಿವಕಾಂತಾ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯದ ಕಾರ್ಡು ಬರೆದು ಫ್ಲಾಪಿಗೆ ಹಾಕಿ ಕೊಡುತ್ತಿದ್ದಳು. ಜನ ಅದನ್ನು ಗುಲಬರ್ಗಾಕ್ಕೆ ಒಯ್ದು ಅಚ್ಚು ಹಾಕಿಸುತ್ತಿದ್ದರು.

ಫ್ಲಾಪಿಯಿಂದ ಹೊರಗಿನದೇನಾದರೂ ಒಳಗೆ ಬರುವಾಗ ಕಂಪ್ಯೂಟರಿನ ತೆರೆಯ ನಡುವೆ ಒಂದು ಚೌಕಟ್ಟು ಮೂಡಿ, ಬಿಡಲೋ ಬೇಡವೋ ಎಂದು ಕೇಳುತ್ತಿತ್ತು. ಶಿವಕಾಂತಾ ಪ್ರತಿ ಸಲವೂ ಹೌದು ಎಂದೇ ಒತ್ತುತ್ತಿದ್ದಳು. ಬಾಗಿಲಲ್ಲಿ ನಿಂತು ಬರಲೇ ಎಂದವರಿಗೆ ಬೇಡ ಎಂದು ಅವಳ ತವರಿನಲ್ಲೂ ಯಾರೂ ಅಂದಿರಲಿಲ್ಲ, ಈ ಮನೆಯಲ್ಲೂ ಅಂದಿರಲಿಲ್ಲ.

“ಅಷ್ಟು ಮರ್ಯಾದಿಲೆ ಕೇಳ್ತದರಿ, ಬ್ಯಾಡ ಅಂತ ಮಾರಿ ಮ್ಯಾಲ ಹೆಂಗ ಅನ್ಲಿ?” ಎಂದು ಗಂಡನಿಗೆ ಹೇಳಿ ನಗಿಸಿದ್ದಳು.

ಹೋದ ತಿಂಗಳು ಹಾಗೆ ಒತ್ತಿದಾಗ ಯಾರದೋ ಫ್ಲಾಪಿಯಿಂದ ವೈರಸ್ ಒಳಹೊಕ್ಕು ಆರು ಮನೆಯ ಲಗ್ನಪತ್ರಿಕೆಗಳನ್ನು ಅಳಿಸಿಹಾಕಿತು. ಮಾಸ್ತರರು ಬೈಯಲಿಲ್ಲ. “ಇನ್ನೊಮ್ಮೆ ಹಿಂಗಾದ್ರ ಇದನ್ನ ಯಾರಿಗರೆ ಕೊಟ್ಟುಬಿಡಾಮು. ನಿನಗೂ ತ್ರಾಸ ಬ್ಯಾಡ” ಎಂದರು. ಬೈದಿದ್ದರೆ ಒಂದು ಹೊತ್ತು ಅತ್ತು ಮರೆಯುತ್ತಿದ್ದಳು. ಆ ಮೆತ್ತಗಿನ ಮಾತು ಎದೆಯಲ್ಲೇ ಕೂತಿತು. ಆಮೇಲೆ ಚೌಕಟ್ಟು ಮೂಡಿದರೆ ಸಾಕು, ಕಂಪ್ಯೂಟರನ್ನೇ ಆರಿಸಿಬಿಡುತ್ತಿದ್ದಳು. “ಸಂಜಿಗಿ ಅವ್ರು ಬಂದ ಮ್ಯಾಲ ಬರ್ರಿ” ಎಂದು ಬಂದವರನ್ನು ಕಳಿಸುತ್ತಿದ್ದಳು. ಹಾಗೆ ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ.

ಆ ದಿನ ಗೊಬ್ಬೂರಿನ ಪೀರಸಾಬ ಹನ್ನೊಂದರ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ ಬಂದ. ಮಗಳು ಕುಲಸುಮಬಿಯ ನಿಖಾ. ಉರ್ದು ಬರಹವನ್ನು ಗುಲಬರ್ಗಾದಲ್ಲಿ ಬರೆಸಿ ಫ್ಲಾಪಿಯಲ್ಲಿ ತಂದಿದ್ದ. ಅದರ ಬಗಲಿಗೆ ಕನ್ನಡ ಕೂಡಿಸಬೇಕಿತ್ತು.

“ಎರಡರ ಬಸ್ಸಿಗಿ ಹೋದ್ರ ಇವತ್ತs ಪ್ರೆಸ್ಸಿಗಿ ಮುಟ್ಟತದ ಬೇಟಿ. ಇಲ್ಲಂದ್ರ ಸೋಮವಾರ ಅಂತಾರ. ಕಾರ್ಡ್ ಹಂಚೋದು ಯಾವಾಗ?”

“ಸಂಜಿತನಾ ಕೂಡ್ರಿ ಕಾಕಾ, ಅವ್ರು ಬರ್ಲಿ” ಎಂದಳು ಶಿವಕಾಂತಾ.

ಕಟ್ಟೆಯ ಮೇಲೆ ಸಜ್ಜೆ ಹಸನು ಮಾಡುತ್ತಿದ್ದ ಅತ್ತೆ ಗುರುಶಾಂತಮ್ಮ ಮೊರ ಬದಿಗಿಟ್ಟು ಒಳಗೆ ಬಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

“ಹಾಕು ಬೇ ಫ್ಲಾಪಿ. ಏನ್ ಕೇಳ್ತದ ನನಗೂ ಹೇಳು.”

ಫ್ಲಾಪಿ ಗರಗರ ಎಂದಿತು. ಚೌಕಟ್ಟು ಮೂಡಿತು. ಶಿವಕಾಂತಾಳ ಬೆರಳು ಆರಿಸುವ ಗುಂಡಿಯ ಕಡೆ ಹೋಯಿತು.

“ತಡಿ. ಓದು ಮೊದ್ಲ.”

“ಕಾರ್ಡಿನ ಜೊತಿ ಒಂದು ಸಣ್ಣ ಪ್ರೋಗ್ರಾಂ ಬಂದದಂತ್ರಿ ಅತ್ತಿ. ಅದನ್ನ ನಡೀಲಿಕ್ಕೆ ಬಿಡ್ಲೇನು ಅಂತದ.”

ಗುರುಶಾಂತಮ್ಮ ಹೊರಳಿ ಕೇಳಿದರು: “ಪೀರಸಾಬ, ಕಾರ್ಡಿನ ಜೊತಿ ಮತ್ತ್ಯಾರನ್ನ ಕರಕೊಂಡು ಬಂದೀಯೋ ತಮ್ಮಾ?”

“ಯಾರೂ ಇಲ್ಲಕ್ಕ! ಬರೇ ಬರಹ ಕೊಟ್ಟಾರ ನನಗ. ಖುದಾನಾಣಿ, ಇದ್ಯಾರಂತ ನನಗೂ ಗೊತ್ತಿಲ್ಲ.”

“ನೋಡು. ಕರಕೊಂಡು ಬಂದಾತಗs ಗುರ್ತಿಲ್ಲ. ನಮ್ಮ ಕಟ್ಟಿಗಿ ಯಾರ್ ಬಂದ್ರೂ ನೀರು ಕೊಡ್ತೀನಿ. ಯಾವೂರು, ಯಾರ ಮನಿಯವ್ರು, ಏನು ಕೆಲಸ, ಎಲ್ಲಾ ಕೇಳ್ತೀನಿ. ಎಲ್ಲಾರ್ನೂ ಒಳಗಿನ ಖೋಲಿಗಿ ಕರೀತೀನೇನು? ಕಾರ್ಡ್ ಒಂದs ಬರ್ಲಿ, ಆ ಪುಣ್ಯಾತ್ಮ ಹೊರಗ ಕೂಡ್ಲಿ ಅನ್ನಾಕ ಬರೂದಿಲ್ಲೇನು ಇದರಾಗ?”

ಶಿವಕಾಂತಾ ಮತ್ತೆ ಓದಿದಳು. ಅಂಥದ್ದೊಂದು ಗುಂಡಿ ಅಲ್ಲಿತ್ತು. ಇಷ್ಟು ದಿನವೂ ಇತ್ತು, ಅವಳು ಅಲ್ಲಿಯತನಕ ಓದಿರಲಿಲ್ಲ. ಒತ್ತಿದಳು. ಉರ್ದು ಸಾಲುಗಳು ಸುತ್ತಲಿನ ಬಳ್ಳಿಯ ಚಿತ್ರದೊಡನೆ ತೆರೆಯ ಮೇಲೆ ಬಂದವು. ಪೀರಸಾಬ ಎದ್ದು ನಿಂತು ಮಗಳ ಹೆಸರನ್ನು ಹುಡುಕಿ ನೋಡಿದ.

ಕನ್ನಡ ಬರೆದು ಮುಗಿಸುವಾಗ ಒಂದೂವರೆ. ಫ್ಲಾಪಿಗೆ ತುಂಬಲು ಹೇಳಿದಳೋ ಇಲ್ಲವೋ, ಇನ್ನೊಂದು ಚೌಕಟ್ಟು ಬಂತು.

“ಫ್ಲಾಪಿ ಮ್ಯಾಲ ಏನೋ ಬರ್ಯಾಕತ್ತದಂತ್ರಿ, ಬಿಡ್ಲೇನು ಅಂತದ. ಬ್ಯಾಡ ಅಂತೀನ್ರಿ.”

“ಯಾರು ಬರಿ ಅಂದಿದ್ರು?”

“ನಾನs...” ಎಂದವಳು ಅಲ್ಲಿಗೇ ನಿಂತಳು. ಬರೆಯಲು ಹೇಳಿದವಳು ತಾನೇ, ಬರೆಯುತ್ತಿರುವುದೂ ತಾನು ಹೇಳಿದ್ದನ್ನೇ. ಮತ್ತೆ ಅತ್ತೆಯ ಮುಖ ನೋಡಲಿಲ್ಲ. ಹೌದು ಎಂದು ಒತ್ತಿದಳು.

ಪೀರಸಾಬ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಸೇರಿಸಿ ಬಸ್ ನಿಲ್ದಾಣದ ಕಡೆ ಓಡಿದ.

ಸಂಜೆ ಮಾಸ್ತರರು ಬಂದಾಗ ಶಿವಕಾಂತಾ ಕೈಕಾಲು ತೊಳೆಯಲು ನೀರು ಕೊಟ್ಟು, ಅಲ್ಲೇ ನಿಂತು ಪೀರಸಾಬ ಬಂದದ್ದು, ಕಂಪ್ಯೂಟರ್ ಎರಡು ಸಲ ಕೇಳಿದ್ದು ಹೇಳಿದಳು. ಅವರು ಚಹಾ ಕುಡಿಯದೆ ಕಂಪ್ಯೂಟರಿನ ಮುಂದೆ ಕುಳಿತರು. ವೈರಸ್ ಹುಡುಕುವ ಪ್ರೋಗ್ರಾಂ ಹಚ್ಚಿದರು. ಅದು ಅರ್ಧ ತಾಸು ಹುಡುಕಿತು. ಅಷ್ಟು ಹೊತ್ತೂ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

“ಏನೂ ಇಲ್ಲ” ಎಂದರು ಮಾಸ್ತರರು. “ಎರಡು ಸಲ ಕೇಳ್ತು ಅಂದಿ. ನೀ ಏನಂದಿ ಅದಕ್ಕ?”

“ಒಂದಕ್ಕ ಬ್ಯಾಡ ಅಂದೆರಿ. ಒಂದಕ್ಕ ಹೌದಂದೆ.”

“ನಾನಿದ್ರ ಎರಡಕ್ಕೂ ಬ್ಯಾಡ ಅಂತಿದ್ದೆ. ಪೀರಸಾಬನ ಬಸ್ಸ ತಪ್ಪತಿತ್ತು.” ಅವರು ಕುರ್ಚಿಯಿಂದ ಎದ್ದು ಅದನ್ನು ಅವಳ ಕಡೆ ಸರಿಸಿದರು. “ನಾಳಿ ಯಾರರೆ ಬಂದ್ರ ಸಂಜಿತನಾ ಕೂಡಿಸಬ್ಯಾಡ.”

“ಮತ್ತ ಯಾರಿಗೋ ಕೊಟ್ಟುಬಿಡಾಮು ಅಂದಿದ್ರಿ?”

“ಅಂದಿದ್ದೆ” ಎಂದು ಮಾಸ್ತರರು ತಲೆ ಕೆರೆದುಕೊಂಡರು.

“ಕೊಟ್ರ ನನ್ನ ಮಗನ್ನs ಕೊಡು ಬೇ, ಕಂಪ್ಯೂಟರ್ ಇರ್ಲಿ” ಎಂದರು ಗುರುಶಾಂತಮ್ಮ ಕಟ್ಟೆಯಿಂದಲೇ.

ಒಂದು ತಿಂಗಳಿಂದ ಆ ಮನೆಯಲ್ಲಿ ಕೇಳದಿದ್ದ ನಗು ಓಣಿಗೆ ಕೇಳಿಸಿತು. ಆರಿದ ಚಹಾವನ್ನು ಮಾಸ್ತರರೇ ಬಿಸಿ ಮಾಡಿ, ಎರಡು ಕಪ್ಪಿಗೆ ಸುರುವಿಕೊಂಡು ಬಂದರು.