ಏರಿನ ಮೇಲೆ ನೋಡಿದ ಆಯಿಲ್

ಗೋವಾದ ಸಾಂಕೋಲೆಯ ಕಾರ್ಖಾನೆಗಳ ಹಿಂದಿನ ಏರಿನಲ್ಲಿ ಕಂಠೆಪ್ಪನ ಮನೆ, ತಗಡು ಹೊದಿಸಿದ ಪತ್ರಾಸಿನ ಮನೆ. ಮನೆಯ ಮುಂದೆ ಅವನ ಹಳೆಯ ಅಂಬಾಸಿಡರ್ ಮೂತಿ ಮೇಲೆ ಮಾಡಿ, ಹಿಂದಿನ ಗಾಲಿಗಳಿಗೆ ಎರಡು ಕಲ್ಲು ಆನಿಸಿಕೊಂಡು ನಿಂತಿರುತ್ತಿತ್ತು. ಬಾಡಿಗೆಗೆ ಹೋಗುವ ಮೊದಲು ದಿನಾ ಅವನದೊಂದು ನೇಮ. ಏರು ಇಳಿದು ಚಹಾದಂಗಡಿಯ ಮುಂದಿನ ಸಮತಟ್ಟು ಜಾಗಕ್ಕೆ ಗಾಡಿ ತಂದು ಬಂದ್ ಮಾಡುವುದು, ಚಹಾ ತರಿಸುವುದು, ಅದು ಮುಗಿಯುವವರೆಗೆ ಬಾನೆಟ್ಟಿಗೆ ಕೈ ಹಚ್ಚದಿರುವುದು. ಎಂಜಿನ್ನಿನ ಮೇಲೆ ಹೋದ ಆಯಿಲ್ ಕೆಳಗೆ ಇಳಿದು ಕೂರಬೇಕಲ್ಲ! ಆಮೇಲೆ ಆಯಿಲ್ ನೋಡುವ ಕಡ್ಡಿ ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗಿಳಿಸಿ, ಎರಡನೆಯ ಸಲ ಎಳೆದು ನೋಡುತ್ತಿದ್ದ. ಕಡ್ಡಿಯ ಮೇಲೆ ಎರಡು ಗೀಟು. ಆಯಿಲ್ ಅವುಗಳ ನಡುವೆ ಇದ್ದರೆ ಸೈ.

ಇದನ್ನು ಕಲಿಸಿದವನು ಕೊರ್ತಾಲಿಮಿನ ಗಾಡಿ ರಿಪೇರಿ ಮೇಸ್ತ್ರಿ ರಾಜಮಹ್ಮದ. "ಮೊದಲನೇ ಸಲಾ ಕಡ್ಡಿ ಸುಳ್ಳು ಹೇಳತೈತಿ. ಒರಸು, ಎರಡನೇ ಸಲಾ ಕೇಳು," ಎಂದಿದ್ದ. ಉಳಿದ ಡ್ರೈವರುಗಳಿಗೆ ಇದೊಂದು ತಮಾಷೆ. ವೈದ್ಯರು ನಾಡಿ ಹಿಡಿದರು, ಇನ್ನು ರೋಗಿಗೆ ಭಯವಿಲ್ಲ ಎಂದು ನಗುತ್ತಿದ್ದರು. ನಗಲಿ ಬಿಡಿ. ಅವರ ಗಾಡಿಗಳು ನಡುದಾರಿಯಲ್ಲಿ ಕೈಕೊಟ್ಟಾಗ ಎಳೆದು ತರುತ್ತಿದ್ದದ್ದು ಇದೇ ಅಂಬಾಸಿಡರ್.

ಒರೆಸುವ ಅರಿವೆ ಮಾತ್ರ ಅಕ್ಕ ನಂದಾಳದು. ಅಪ್ಪ ಅವ್ವ ಹೋದಾಗ ಕಂಠೆಪ್ಪನಿಗೆ ಹನ್ನೆರಡು ವರ್ಷ. ಆಗಲೇ ಮದುವೆಯಾಗಿದ್ದ ನಂದಾ, ಗಂಡ ಅಪ್ಪಾಸಾಬನ ಜೊತೆ ಗೋವಾಕ್ಕೆ ದುಡಿಯಲು ಬಂದಾಗ ತಮ್ಮನನ್ನೂ ಕರೆತಂದಳು. ತಾನು ಸ್ಲ್ಯಾಬಿನ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತಳು, ತಮ್ಮನ ತಲೆಯ ಮೇಲೆ ಒಂದು ದಿನವೂ ಬುಟ್ಟಿ ಹೊರಿಸಲಿಲ್ಲ. ಗಾಡಿ ಕಲಿಯಲು ಹಚ್ಚಿದಳು. ಎರಡು ವರ್ಷದ ಹಿಂದೆ ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಗಂಡ ಹೆಂಡತಿ ಮುದ್ದೇಬಿಹಾಳದ ಕಡೆಯ ತಮ್ಮ ಹಳ್ಳಿಗೆ ಹೋದರು. ಅಲ್ಲಿಂದ ಯಾರೇ ಬರಲಿ, ಅವರ ಕೈಯಲ್ಲಿ ರೊಟ್ಟಿಯ ಗಂಟು, ಗಂಟಿನೊಳಗೆ ತನ್ನ ಹಳೆಯ ಹತ್ತಿ ಸೀರೆಯ ಒಗೆದ ತುಂಡುಗಳು. ನೈಲಾನು ಆಯಿಲ್ ಹೀರುವುದಿಲ್ಲ ಎಂದು ತಮ್ಮ ಯಾವಾಗಲೋ ಅಂದದ್ದನ್ನು ಅವಳು ಮರೆತಿರಲಿಲ್ಲ.

ಕಳೆದ ಪಂಚಮಿಗೆ ಅವಳು ತವರಿಗೆ ಬರಲಾಗಲಿಲ್ಲ. ತವರೆಂದರೆ ಇದೇ ಪತ್ರಾಸಿನ ಮನೆ. ಅವಳಿಗೆಂದು ತಂದಿದ್ದ ಹಸಿರು ಸೀರೆ, ಕುಬಸದ ಕಣ ಕಂಠೆಪ್ಪನ ಹೆಂಡತಿ ಮೀನಾಳ ಟ್ರಂಕಿನಲ್ಲೇ ಉಳಿದವು.

ಎರಡು ಸಾವಿರದ ಆರನೆಯ ಇಸವಿ, ಫೆಬ್ರವರಿಯ ಒಂದು ಮುಂಜಾನೆ ಆರಕ್ಕೆ ಅಪ್ಪಾಸಾಬನ ಫೋನು ಬಂತು. ನಂದಾ ಹೋಗಿದ್ದಳು.

"ಹೊತ್ತು ಮುಳುಗೂತನಕ ಕಾಯ್ತೀವಿ. ತವರ ಸೀರಿ ನಿಂದು. ಲಗೂ ಬಾ," ಎಂದು ಹೇಳಿ ಅವನು ಫೋನ್ ಇಟ್ಟ.

ಅವರ ಕಡೆ ಮುತ್ತೈದೆ ಸತ್ತರೆ ತವರಿನ ಸೀರೆ ಉಡಿಸಿಯೇ ಮಣ್ಣಿಗೆ ಒಯ್ಯಬೇಕು. ಅದನ್ನು ತರುವವನು ಒಡಹುಟ್ಟಿದವನು. ನಂದಾಳಿಗೆ ಇದ್ದವನು ಇವನೊಬ್ಬನೇ. ಹೊತ್ತು ಮುಳುಗಿದ ಮೇಲೆ ಹೆಣ ಇಡುವಂತಿಲ್ಲ. ಏಳಕ್ಕೆ ಬಿಟ್ಟರೆ ನಾಲ್ಕು, ನಾಲ್ಕೂವರೆಗೆ ಮುಟ್ಟಬಹುದೆಂದು ಕಂಠೆಪ್ಪ ಲೆಕ್ಕ ಹಾಕಿದ. ಅಳುವುದಕ್ಕೆ ಪುರುಸೊತ್ತು ಇರಲಿಲ್ಲ.

ಪಕ್ಕದ ಮನೆಯ ಹನುಮವ್ವ ತಾನೂ ಹೊರಟಳು. ದೂರದಿಂದ ಚಿಗವ್ವ ಆಗಬೇಕು. ನಂದಾಳ ಎರಡು ಬಾಣಂತನ ಮಾಡಿದವಳು. ರೀತಿ ರಿವಾಜು ಎಂದರೆ ಆ ಓಣಿಯಲ್ಲಿ ಅವಳದೇ ಕಡೆಯ ಮಾತು. ಮಣ್ಣಿಗೆ ಹೊರಟವರು ಹೊಸ್ತಿಲು ದಾಟಿದ ಮೇಲೆ ತಿರುಗಿ ನೋಡಬಾರದು, ಓಣಿ ದಾಟುವ ಮುನ್ನ ನಿಲ್ಲಬಾರದು, ನಿಂತರೆ ಸಾವು ಇನ್ನೊಂದು ಮನೆ ನೋಡುತ್ತದೆ ಎಂದು ಅವಳು ಸೀರೆಯ ನಿರಿಗೆ ಹಿಡಿಯುತ್ತಲೇ ಹೇಳಿದಳು.

ಹೊರಟ ಮೇಲೆ ಚಹಾದಂಗಡಿಯ ಮುಂದೆ ನಿಲ್ಲುವಂತಿಲ್ಲ ಎಂದಾಯಿತು. ಅದಕ್ಕೇ ಕಂಠೆಪ್ಪ ಮನೆಯ ಮುಂದೆಯೇ, ಏರಿನ ಮೇಲೆಯೇ ಬಾನೆಟ್ ಎತ್ತಿದ. ಕಡ್ಡಿ ಎಳೆದ, ಒರೆಸಿದ, ಇಳಿಸಿದ, ಮತ್ತೆ ಎಳೆದ. ಆಯಿಲ್ ಮೇಲಿನ ಗೀಟಿನ ಹತ್ತಿರ ಇತ್ತು. ಮೂತಿ ಮೇಲಾಗಿ ನಿಂತ ಗಾಡಿಯಲ್ಲಿ ಆಯಿಲ್ ಒಂದೇ ಕಡೆ ಜಾರಿ, ಕಡ್ಡಿ ಇರುವ ಬದಿಗೆ ನಿಲ್ಲುತ್ತದೆ, ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ. ಇದನ್ನು ಹತ್ತು ಜನಕ್ಕೆ ಹೇಳಿಕೊಟ್ಟವನು ಅವನೇ. ಮೂರು ದಿನದಿಂದ ಗಾಡಿಯ ಕೆಳಗಿನ ಕೆಂಪು ಕಲ್ಲಿನ ಮೇಲೆ ಅಂಗೈಯಗಲದ ಕಪ್ಪು ಕಲೆ ಕಂಡಿದ್ದವನೂ ಅವನೇ. ಸೋರುತ್ತಿರುವ ಗಾಡಿಯಲ್ಲಿ ಆಯಿಲ್ ಮೇಲಿನ ಗೀಟಿಗೆ ಹೇಗೆ ಬಂತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಆ ಮುಂಜಾನೆ ಅವನು ಓದಿದ್ದು ಕಡ್ಡಿಯನ್ನಲ್ಲ, ತನಗೆ ಬೇಕಾದದ್ದನ್ನು. ಡಿಕ್ಕಿಯಲ್ಲಿ ಆಯಿಲ್ಲಿನ ತುಂಬಿದ ಡಬ್ಬಿ ಇತ್ತು.

ಆದರೂ ಏರು ಇಳಿದು ಸಮತಟ್ಟಿಗೆ ಬಂದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಇಷ್ಟು ವರ್ಷದ ರೂಢಿ ಅದು. ಹಿಂದಿನ ಸೀಟಿನಿಂದ ಹನುಮವ್ವ ಅವನ ಹೆಗಲು ಹಿಡಿದಳು.

"ಮಣ್ಣಿಗೆ ಹೊಂಟ ಗಾಡಿ ನಿಂದರಬಾರದು, ಕಂಠೆಪ್ಪ. ನಡಿ."

ಅವನು ಬ್ರೇಕ್ ಬಿಟ್ಟ. ಮೀನಾ ಸೀರೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಅಳುತ್ತಿದ್ದಳು.

ಘಟ್ಟದ ಬುಡದ ಮೊಲೆಂ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ನೆಲ ಸಮತಟ್ಟು, ಗಾಡಿ ನಿಂತೇ ಇತ್ತು, ಓಣಿ ಎಂದೋ ಹಿಂದೆ ಉಳಿದಿತ್ತು. ಕಂಠೆಪ್ಪ ಇಳಿಯಲು ಬಾಗಿಲಿಗೆ ಕೈ ಹಾಕಿದ. ಅಷ್ಟರಲ್ಲಿ ಪೊಲೀಸ ಕಾಗದ ವಾಪಸು ಕೊಟ್ಟು ಹೋಗು ಎಂದ. ಹಿಂದೆ ಲಾರಿ ಹಾರ್ನ್ ಹೊಡೆಯಿತು. ಘಟ್ಟ ಹತ್ತಿದ ಮೇಲೆ ನೋಡಿದರಾಯಿತು ಎಂದು ಹೊರಟ.

ಘಟ್ಟದ ಎರಡನೆಯ ತಿರುವಿನಲ್ಲಿ ಆಯಿಲ್ಲಿನ ಕೆಂಪು ದೀಪ ಮಿನುಗಿ ಆರಿತು. ಮೂರನೆಯದರಲ್ಲಿ ಹತ್ತಿ, ಹಾಗೇ ಉಳಿಯಿತು. ನಿಲ್ಲಿಸೋಣವೆಂದರೆ ಒಂದು ಕಡೆ ಕಂದರ, ಇನ್ನೊಂದು ಕಡೆ ಬಂಡೆ. ನಿಲ್ಲಿಸಲು ಜಾಗ ಕಾಣುವಷ್ಟರಲ್ಲಿ ಎಂಜಿನ್ ಒಳಗೆ ಕಟಕಟ ಎಂದು ಕಬ್ಬಿಣ ಕಬ್ಬಿಣಕ್ಕೆ ತಾಗಿತು, ಒಮ್ಮೆ ಕಿರುಚಿ ಗಾಡಿ ನಿಂತುಬಿಟ್ಟಿತು. ಕಂಠೆಪ್ಪ ಇಳಿದು ಕಡ್ಡಿ ಎಳೆದ. ತುದಿ ಒಣಗಿತ್ತು. ಡಿಕ್ಕಿಯಿಂದ ಡಬ್ಬಿ ತಂದು ಅಷ್ಟೂ ಆಯಿಲ್ ಸುರಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದೇ ಆಯಿತು. ಎಂಜಿನ್ ಕಚ್ಚಿಕೊಂಡಿತ್ತು, ಸ್ಟಾರ್ಟ್ ಮಾಡಿದರೆ ಅಲುಗಲೂ ಇಲ್ಲ.

ಆ ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಗಾಡಿಯನ್ನು ಬದಿಗೆ ನೂಕಿ, ಮೂವರೂ ಒಂದು ಲಾರಿಯ ಕ್ಯಾಬಿನ್ ಹತ್ತಿ ಘಟ್ಟದ ಮೇಲಿನ ರಾಮನಗರಕ್ಕೆ ಬಂದರು. ಅಲ್ಲಿಂದ ಬಸ್ಸಿನಲ್ಲಿ ಧಾರವಾಡ, ಮತ್ತೆ ಬಸ್ಸು, ಮತ್ತೆ ಬಸ್ಸು. ಬಾಗಲಕೋಟೆ ದಾಟಿದಾಗ ಹೊತ್ತು ಮುಳುಗಿತು. ಕಂಠೆಪ್ಪ ಕಿಟಕಿಯಲ್ಲಿ ಅದನ್ನು ಕೊನೆಯವರೆಗೂ ನೋಡಿದ. ಮೀನಾ ಅವನ ಕಣ್ಣಿಗೆ ಸೆರಗು ಅಡ್ಡ ಹಿಡಿಯಲು ಹೋದಳು, ಅವನು ಬೇಡವೆಂದ.

ಊರು ಮುಟ್ಟಿದಾಗ ಅಂಗಳದಲ್ಲಿ ಹೆಣ ಇರಲಿಲ್ಲ. ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ಕೂತಿದ್ದರು. ಅಪ್ಪಾಸಾಬ ಎದ್ದು ಬಂದು ಭಾವಮೈದುನನ ಎರಡೂ ಕೈ ಹಿಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಕಿ ನಿನ್ನೆ ಸಂಜೀಕ ಹೇಳಿದ್ಲು," ಎಂದ. "ನಾ ಹೋದ್ರ ನಮ್ಮ ತಮ್ಮ ಸೀರಿ ತರೂತನಕ ಎತ್ತಬ್ಯಾಡ್ರಿ, ಅವನ ಗಾಡಿ ದಾರ್ಯಾಗ ನಿಂದರೂ ಪೈಕಿ ಅಲ್ಲ, ಬರ್ತಾನ ಅಂತ. ಭಾಳ ಹೊತ್ತು ಕಾದ್ವಿ, ಕಂಠೆಪ್ಪ. ಕಡೀಕ ನಮ್ಮನ್ಯಾಗಿನ ಸೀರಿ ಉಡಿಸಿದ್ವಿ."

ಆಗ ಕಂಠೆಪ್ಪ ಅತ್ತ. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಲೇ ಬಂತು. ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟ. ಹನ್ನೆರಡು ವರ್ಷದವನಾಗಿದ್ದಾಗ ಅಪ್ಪ ಅವ್ವನಿಗೂ ಹಾಗೆ ಅತ್ತಿರಲಿಲ್ಲ. ಆಗ ಕಣ್ಣೊರೆಸಲು ಅಕ್ಕ ಇದ್ದಳು. ಬಾಗಿಲ ಬಳಿ ನಿಂತಿದ್ದ ಹನುಮವ್ವ ಒಳಗೆ ಬರಲೂ ಇಲ್ಲ, ಅಳಲೂ ಇಲ್ಲ. ಮರುದಿನ ಮಣ್ಣು ಮಾಡಿದ ಗುಡ್ಡೆಯ ಮೇಲೆ ಸೀರೆ ಹೊದಿಸುತ್ತೇನೆ ಎಂದ ಮೀನಾಳಿಗೆ ಅಪ್ಪಾಸಾಬ, ಆಡು ಎಳೆದಾಡುತ್ತವೆ, ಬೇಡ ಎಂದ. ಹಸಿರು ಸೀರೆ ಮಡಿಕೆ ಬಿಚ್ಚದೆ ಸಾಂಕೋಲೆಗೆ ವಾಪಸು ಬಂತು.

ಘಟ್ಟದಿಂದ ಎಳೆಸಿ ತಂದ ಗಾಡಿಯ ಎಂಜಿನ್ನನ್ನು ರಾಜಮಹ್ಮದ ಬಿಚ್ಚಿ ಕಟ್ಟಿಕೊಡಲು ಎರಡು ತಿಂಗಳು ಹಿಡಿಯಿತು. ಏನಾಯಿತೆಂದು ಅವನು ಕೇಳಲಿಲ್ಲ. ಬಿಚ್ಚಿದ ಸಾಮಾನು ನೋಡಿದರೆ ಅವನಿಗೆ ತಿಳಿಯುತ್ತಿತ್ತು. ಈ ಎರಡು ತಿಂಗಳಲ್ಲಿ ಹನುಮವ್ವ ಅರ್ಧವಾಗಿದ್ದಳು. ಓಣಿಯಲ್ಲಿ ಯಾರಾದರೂ ರಿವಾಜು ಕೇಳಲು ಬಂದರೆ, ನನಗೇನೂ ಗೊತ್ತಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದೇ ರೊಟ್ಟಿ ಮುರಿದು ಅದನ್ನೂ ನಾಯಿಗೆ ಹಾಕುತ್ತಾಳೆಂದು ಮೀನಾ ಹೇಳುತ್ತಿದ್ದಳು.

ಗಾಡಿ ಬಂದ ಮರುದಿನ ಕಂಠೆಪ್ಪ ಚಹಾದಂಗಡಿಯ ಮುಂದೆ ಬಾನೆಟ್ ಎತ್ತಿ ನಿಂತಿದ್ದಾಗ ಮುದುಕಿ ಏರು ಇಳಿದು ಬಂದಳು.

"ಖರೇ ಹೇಳು ಕಂಠೆಪ್ಪ," ಎಂದಳು. "ಅವತ್ತ ಇಲ್ಲಿ ನಾ ನಿಂದರಬ್ಯಾಡ ಅನ್ನದಿದ್ರ, ನಂದಾ ನಿನ್ನ ಸೀರಿ ಉಟ್ಕೊಂಡು ಹೋಗತಿದ್ಲೇನು?"

ಕಂಠೆಪ್ಪನ ಕೈಯಲ್ಲಿ ಕಡ್ಡಿ ಇತ್ತು. ಹೌದು ಎಂಬ ಮಾತು ಗಂಟಲವರೆಗೆ ಬಂದಿತ್ತು. ಎರಡು ತಿಂಗಳಿಂದ ಅಲ್ಲೇ ಇತ್ತು. ಆದರೆ ಏರಿನ ಮೇಲೆ ಕಡ್ಡಿ ನೋಡಿದವನು ಯಾರು? ಕಲೆ ಕಂಡವನು ಯಾರು? ಮೊಲೆಂನಲ್ಲಿ ಬಾಗಿಲಿಗೆ ಹಾಕಿದ ಕೈ ತೆಗೆದವನು ಯಾರು? ಈ ಮುದುಕಿ ಗಾಡಿ ತಿಳಿದವಳಲ್ಲ. ತಿಳಿದವನು ತಾನು.

"ಇಲ್ಲ ಚಿಗವ್ವ," ಎಂದ. "ಆಯಿಲ್ ಪೂರಾ ಇತ್ತು, ಘಟ್ಟದಾಗ ಸುರುವಿದ್ದು ಗಾಬರೀಲೆ. ಒಳಗಿನ ಸಾಮಾನೊಂದು ಮುರೀತು. ಇಲ್ಲಿ ನಿಂತು ನೋಡಿದ್ರೂ ಗೊತ್ತಾಗತಿರಲಿಲ್ಲ."

ಹನುಮವ್ವ ಅವನ ಮುಖವನ್ನೇ ನೋಡಿದಳು. ಆಯಿಲ್ಲಿನ ವಿಷಯದಲ್ಲಿ ಕಂಠೆಪ್ಪ ಸುಳ್ಳು ಹೇಳುವವನಲ್ಲ ಎಂದು ಓಣಿಗೆಲ್ಲ ಗೊತ್ತು. ಅವಳು ಮೆಲ್ಲಗೆ ಅಂಗಡಿಯ ಬೆಂಚಿನ ಮೇಲೆ ಕೂತಳು, ಸೆರಗು ಬಾಯಿಗೊತ್ತಿ ಮೊದಲ ಸಲ ನಂದಾಳ ಹೆಸರು ಹಿಡಿದು ಅತ್ತಳು. ಅತ್ತು ಮುಗಿದ ಮೇಲೆ ಒಂದು ಚಹಾ ಹೇಳು, ತಿನ್ನಲು ಏನಾದರೂ ಇದ್ದರೆ ಅದನ್ನೂ ಹೇಳು ಎಂದಳು.

ಕಂಠೆಪ್ಪ ಚಹಾ, ಪಾವು ಹೇಳಿ ಗಾಡಿಯತ್ತ ತಿರುಗಿದ. ಹೆಗಲ ಮೇಲಿನ ಅರಿವೆ ತೆಗೆದ. ನೀಲಿ ಹೂವಿನ ಹತ್ತಿ ಸೀರೆಯ ತುಂಡು, ಅಕ್ಕ ಕಳಿಸಿದ್ದರಲ್ಲಿ ಉಳಿದದ್ದು ಅದೊಂದೇ. ಅದನ್ನು ಮಡಿಚಿ ಅಂಗಿಯ ಕಿಸೆಯಲ್ಲಿ ಇಟ್ಟ. ಕಡ್ಡಿಯನ್ನು ತನ್ನ ಅಂಗಿಯ ಚುಂಗಿನಿಂದಲೇ ಒರೆಸಿ, ಎರಡನೆಯ ಸಲ ಒಳಗೆ ಇಳಿಸಿದ.